ಎಲ್ ನಿನೋದಲ್ಲಿ ‘ಎಲ್’ ಯಾಕಿದೆ?

ಮಳೆ ಸುದ್ದಿ ಓದುವ ಎಲ್ಲರಿಗೂ ಎರಡು ಸ್ಪ್ಯಾನಿಷ್ ಹೆಸರು ಗೊತ್ತು. ಎಲ್ ನಿನೋ ಬಂದರೆ ಮುಂಗಾರು ಕೈಕೊಡಬಹುದು, ಲಾ ನಿನಾ ಬಂದರೆ ಮಳೆ ಚೆನ್ನಾಗಿ ಆಗಬಹುದು ಅನ್ನುವ ಲೆಕ್ಕ. 2023ರಲ್ಲಿ ನಮ್ಮ ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದಾಗ ಎಲ್ ನಿನೋ ಹೆಸರು ಅರಳಿಕಟ್ಟೆ ಮೇಲೂ ಓಡಾಡಿತು. ಆದರೆ ಆ ‘ಎಲ್’ ಏನು, ‘ಲಾ’ ಏನು ಅಂತ ಯಾರೂ ಕೇಳಲಿಲ್ಲ.

ಪೆರು ದೇಶದ ಕರಾವಳಿಯಲ್ಲಿ ಕ್ರಿಸ್‌ಮಸ್ ಆಸುಪಾಸಿಗೆ ಸಮುದ್ರದ ನೀರು ಬೆಚ್ಚಗಾಗುತ್ತಿತ್ತು. ಅಲ್ಲಿನ ಮೀನುಗಾರರು ಅದಕ್ಕೆ ಎಲ್ ನೀನ್ಯೊ ಅಂದರು. ನೀನ್ಯೊ ಅಂದರೆ ಹುಡುಗ. ಮುಂದೆ ಎಲ್ ಸೇರಿದರೆ ‘ಆ ಹುಡುಗ’, ಅಂದರೆ ಬಾಲ ಯೇಸು. ಇದಕ್ಕೆ ತದ್ವಿರುದ್ಧವಾದ ಸ್ಥಿತಿಗೆ ಎಷ್ಟೋ ಕಾಲದ ಮೇಲೆ ಲಾ ನೀನ್ಯಾ, ‘ಆ ಹುಡುಗಿ’ ಅನ್ನುವ ಹೆಸರು ಬಂತು. ಗಂಡು ಪದಕ್ಕೆ ಎಲ್, ಹೆಣ್ಣು ಪದಕ್ಕೆ ಲಾ, ಬಹುವಚನಕ್ಕೆ ಲೋಸ್ ಮತ್ತು ಲಾಸ್. ಇವು ಲ್ಯಾಟಿನ್‌ನ ‘ಆ’ ಅನ್ನುವ ಪದದಿಂದ ಹುಟ್ಟಿದವು. ಲ್ಯಾಟಿನ್‌ನಲ್ಲಿ ಅದು ಗಂಡಿಗೆ ಇಲ್ಲೆ, ಹೆಣ್ಣಿಗೆ ಇಲ್ಲಾ. ನಮಗೆ ಇಲ್ಲ ಅಂದರೆ ಇಲ್ಲ, ಅವರಿಗೆ ಇಲ್ಲಾ ಅಂದರೆ ‘ಅವಳು, ಅಲ್ಲಿರುವವಳು’!

ನಾನು ಮೂರು ವರ್ಷದಿಂದ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಹಗಲು ವರದಿಗಾರಿಕೆ, ರಾತ್ರಿ ಇದು. ನಮ್ಮ ಪಕ್ಕದ ಮನೆ ಹುಡುಗಿಯೂ ಕಳೆದ ವರ್ಷ ಆನ್‌ಲೈನ್ ಕ್ಲಾಸಿಗೆ ಸೇರಿದಳು. ಬಿ.ಕಾಂ. ಮುಗಿಸಿದ್ದಾಳೆ, ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಸ್ಪ್ಯಾನಿಷ್ ಬಂದರೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತೆ, ಸಂಬಳವೂ ಚೆನ್ನಾಗಿರುತ್ತೆ ಅನ್ನುವ ಆಸೆ. ಫೀಸು ಕಟ್ಟಿದ್ದು ಅವರಮ್ಮ, ಕೊಬ್ಬರಿ ಮಾರಿದ ದುಡ್ಡಿನಲ್ಲಿ. ಎರಡೇ ತಿಂಗಳಿಗೆ ಬಂದು ಕೂತಳು: “ಅಕ್ಕಾ, ಬಿಟ್ಬಿಡ್ತೀನಿ. ಇಂಗ್ಲಿಷ್‌ನಲ್ಲಿ ‘ದ’ ಎಲ್ಲಿ ಬರುತ್ತೋ ಅಲ್ಲಿ ಎಲ್, ಲಾ ಹಾಕಿ ಅಂತಾರೆ. ನನಗೆ ಆ ‘ದ’ನೇ ಬರಲ್ವಲ್ಲ!”

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಈ ‘ದ’ ಎಷ್ಟು ಕಾಟ ಕೊಟ್ಟಿದೆ ಅಂತ ಹೇಳಬೇಕಿಲ್ಲ. ಪುಸ್ತಕ ಮೇಜಿನ ಮೇಲಿದೆ ಅನ್ನುವಂಥ ಮೊದಲ ಪಾಠಗಳಿಗೆ ಇಂಗ್ಲಿಷ್ ದಾರಿ ಸಾಲುತ್ತೆ. ಅದರಾಚೆ ಅದೇ ದಾರಿ ತಪ್ಪಿಸುತ್ತೆ. ಅವಳಿಗೆ ನಾನು ಹೇಳಿದ್ದು ಇಷ್ಟೇ: ಇಂಗ್ಲಿಷನ್ನು ಪಕ್ಕಕ್ಕಿಡು, ಕನ್ನಡದಲ್ಲಿ ಯೋಚನೆ ಮಾಡು.

‘ತಲೆ ನೋಯ್ತಿದೆ’ ಅಂತೀವಿ. ನನ್ನ ತಲೆ ಅಂತ ಬಿಡಿಸಿ ಹೇಳಲ್ಲ. ನನಗೆ ನೋಯುತ್ತಿದ್ದರೆ ಅದು ನನ್ನ ತಲೆಯೇ ತಾನೆ? ಇಂಗ್ಲಿಷ್‌ಗೆ ‘ನನ್ನ’ ಬೇಕೇ ಬೇಕು. ಸ್ಪ್ಯಾನಿಷ್‌ನವರು ‘ಮೆ ದುಎಲೆ ಲಾ ಕಬೆಸಾ’ ಅಂತಾರೆ. ನನಗೆ, ನೋಯುತ್ತೆ, ತಲೆ. ‘ನನ್ನ’ ಇರಬೇಕಾದ ಜಾಗದಲ್ಲಿ ಲಾ ಕೂತಿದೆ, ಅಷ್ಟೇ.

ಇದಕ್ಕಿಂತ ನನಗೆ ಖುಷಿ ಕೊಟ್ಟಿದ್ದು ಕೈ ತೊಳೆಯುವ ಮಾತು. ‘ಕೈ ತೊಳ್ಕೋತೀನಿ’ ಅನ್ನುವಾಗ ಆ ‘ಕೋ’ ಇದೆಯಲ್ಲ, ಅದೇ ಸಾಕು, ಕೈ ಯಾರದು ಅಂತ ತಿಳಿಯುತ್ತೆ. ‘ಮೆ ಲಾವೊ ಲಾಸ್ ಮಾನೋಸ್’. ನಮ್ಮ ‘ಕೋ’ ಮಾಡುವ ಕೆಲಸವನ್ನು ಅಲ್ಲಿ ‘ಮೆ’ ಮಾಡುತ್ತೆ, ಕೈಗಳಿಗೆ ಲಾಸ್ ಬರುತ್ತೆ. ಹುಡುಗಿ ಇದನ್ನು ಕೇಳಿ, “ಅಯ್ಯೋ, ಇದು ನಮ್ಮದೇ ಅಲ್ವಾ ಅಕ್ಕ?” ಅಂದಳು.

‘ನನಗೆ ಕಾಫಿ ಇಷ್ಟ’ ಅನ್ನೋದಕ್ಕೆ ‘ಮೆ ಗುಸ್ತಾ ಎಲ್ ಕಫೆ’. ಇಲ್ಲೂ ‘ನನಗೆ’ ಮೊದಲು. ಇಂಗ್ಲಿಷ್ ಇಲ್ಲಿ ‘ದ’ ಹಾಕಲ್ಲ, ಸ್ಪ್ಯಾನಿಷ್ ಎಲ್ ಬಿಡಲ್ಲ. ಯಾಕೆಂದರೆ ಇದು ಒಂದು ಲೋಟದ ಮಾತಲ್ಲ, ಕಾಫಿ ಅನ್ನುವ ಇಡೀ ಜಾತಿಯ ಮಾತು. ಅದೇ ‘ಕಾಫಿ ಕುಡೀತೀನಿ’ ಅನ್ನುವಾಗ ಬರೀ ‘ಬೆಬೊ ಕಫೆ’. ನಾವು ‘ಕಾಯಿ ತಂದೆ’ ಮತ್ತು ‘ಕಾಯೀನ ತಂದೆ’ ಅಂತ ಎರಡು ಥರ ಹೇಳುತ್ತೇವಲ್ಲ? ಮೊದಲನೆಯದು ಯಾವುದೋ ಕಾಯಿ, ಎರಡನೆಯದು ನೀವು ಹೇಳಿದ್ದ ಕಾಯಿ. ಅವರ ಎಲ್ ಮಾಡುವ ಕೆಲಸದಲ್ಲಿ ಸ್ವಲ್ಪವನ್ನು ನಮ್ಮಲ್ಲಿ ಆ ‘ಅನ್ನು’ ಮಾಡುತ್ತೆ. ಕನ್ನಡಕ್ಕೆ ಇಂಥ ಪದ ಇಲ್ಲದಿದ್ದರೂ ಆ ವ್ಯತ್ಯಾಸ ನಮಗೆ ಗೊತ್ತಿದೆ. ‘ನಾನು ಟೀಚರ್’ ಅನ್ನೋದು ‘ಸೊಯ್ ಮಾಯೆಸ್ತ್ರಾ’. ಇಂಗ್ಲಿಷ್‌ನವರು ನಡುವೆ ‘ಎ’ ಸೇರಿಸಬೇಕು, ನಮಗೂ ಅವರಿಗೂ ಅದು ಬೇಡ.

ಎಲ್ಲವೂ ಸಲೀಸು ಅಂತ ಹೇಳಿದರೆ ಸುಳ್ಳಾಗುತ್ತೆ. ನಮಗೆ ಮೇಜು, ಕಲ್ಲು, ಹಸು ಎಲ್ಲಾ ‘ಅದು’. ಸ್ಪ್ಯಾನಿಷ್‌ನಲ್ಲಿ ಪುಸ್ತಕ ಗಂಡು, ಮೇಜು ಹೆಣ್ಣು. ಹಿಂದಿ ಕಲಿತವರಿಗೆ ಈ ತಲೆನೋವು ಹಳೆಯದು. ‘ಓ’ದಿಂದ ಮುಗಿದರೆ ಗಂಡು, ‘ಆ’ದಿಂದ ಮುಗಿದರೆ ಹೆಣ್ಣು ಅನ್ನುವ ಗುರುತು ಇದೆ, ಆದರೆ ನಂಬುವ ಹಾಗಿಲ್ಲ. ಕೈ ಅನ್ನುವ ‘ಮಾನೊ’ ಹೆಣ್ಣು, ದಿನ ಅನ್ನುವ ‘ದೀಆ’ ಗಂಡು, ಹವಾಮಾನ ಅನ್ನುವ ‘ಕ್ಲೀಮಾ’ವೂ ಗಂಡು. ಹಾಗಾಗಿ ಪದವನ್ನು ಒಂಟಿಯಾಗಿ ಕಲಿಯಲೇಬಾರದು, ಎಲ್ ಅಥವಾ ಲಾ ಸಮೇತ ಬಾಯಿಗೆ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಎಡವಟ್ಟಾಗುತ್ತೆ: ಲ್ಯಾಟಿನ್ ಅಮೆರಿಕದಲ್ಲಿ ‘ಲಾ ಪಾಪಾ’ ಆಲೂಗಡ್ಡೆ, ‘ಎಲ್ ಪಾಪಾ’ ಪೋಪ್!

ಆಮೇಲೆ ನೀರು. ‘ಆಗ್ವಾ’ ಹೆಣ್ಣು ಪದ. ಆದರೂ ‘ಎಲ್ ಆಗ್ವಾ’. ಹುಡುಗಿ ಇಲ್ಲಿ ಮತ್ತೆ ಪೆನ್ನು ಕೆಳಗಿಟ್ಟಳು. ಹೈಸ್ಕೂಲಿನಲ್ಲಿ ಸಂಧಿ ಓದಿದ್ದೀಯಲ್ಲ, ಅದನ್ನು ನೆನಪು ಮಾಡಿಕೋ ಅಂದೆ. ‘ಲಾ’ದ ಕೊನೆಗೆ ಆ, ‘ಆಗ್ವಾ’ದ ಶುರುವಿಗೂ ಒತ್ತಿ ಹೇಳುವ ಆ, ಎರಡೂ ಡಿಕ್ಕಿ ಹೊಡೆಯುತ್ತವೆ. ಹಳೆಯ ಸ್ಪ್ಯಾನಿಷ್‌ನಲ್ಲಿ ಹೆಣ್ಣು ಪದಕ್ಕೆ ‘ಎಲಾ’ ಅಂತಿತ್ತು. ಅದರ ಬಾಲ ಇಂಥ ಕಡೆ ಉದುರಿ ‘ಎಲ್’ ಉಳಿಯಿತು. ನೀರು ಗಂಡಾಗಲಿಲ್ಲ. ತಣ್ಣೀರು ‘ಎಲ್ ಆಗ್ವಾ ಫ್ರೀಆ’, ಕೊನೆಯ ಪದ ಹೆಣ್ಣೇ. ಬಹುವಚನದಲ್ಲಿ ಲಾಸ್ ಆಗ್ವಾಸ್. ‘ದೆ’ ಜೊತೆ ಎಲ್ ಸೇರಿ ‘ದೆಲ್’, ‘ಆ’ ಜೊತೆ ಎಲ್ ಸೇರಿ ‘ಆಲ್’ ಆಗುವುದೂ ಸಂಧಿಯೇ. ಲೋಪಸಂಧಿಗೆ ಉದಾಹರಣೆ ಬರೆದು ಹತ್ತಕ್ಕೆ ಹತ್ತು ತೆಗೆದವಳಿಗೆ ಇದನ್ನು ಇಂಗ್ಲಿಷ್‌ನಲ್ಲಿ ಅರ್ಥ ಮಾಡಿಸಬೇಕಾ?

ಅವಳು ಕ್ಲಾಸು ಬಿಡಲಿಲ್ಲ. ಮುಂದಿನ ತಿಂಗಳು ಪರೀಕ್ಷೆ. ಈಗ ಅವರ ಅಡುಗೆಮನೆ ಡಬ್ಬಿಗಳ ಮೇಲೆಲ್ಲಾ ಚೀಟಿ ಅಂಟಿಸಿದ್ದಾಳೆ: ಅಕ್ಕಿಗೆ ಎಲ್ ಅರ್ರೋಸ್, ಉಪ್ಪಿಗೆ ಲಾ ಸಾಲ್, ಹಾಲಿನ ಪಾತ್ರೆಗೆ ಲಾ ಲೆಚೆ. ಅವರಮ್ಮ ಮೊನ್ನೆ ಉಪ್ಪಿನ ಡಬ್ಬಿ ತೋರಿಸಿ, “ಅಕ್ಕಿ ಗಂಡು, ಉಪ್ಪು ಹೆಣ್ಣು ಅಂತಾಳೆ. ಯಾಕಂತೆ?” ಅಂತ ನನ್ನನ್ನು ಕೇಳಿದರು. ಪಕ್ಕದ ಪೋರ್ಚುಗೀಸ್ ಭಾಷೆಯಲ್ಲಿ ಉಪ್ಪು, ಹಾಲು ಎರಡೂ ಗಂಡು ಅಂದೆ. “ಹಂಗಾದ್ರೆ ಅವರವರ ಇಷ್ಟ ಅನ್ನು” ಅಂತ ಸಾರಿಗೆ ಉಪ್ಪು ಹಾಕಿದರು.