ನೆಲದಡಿಯ ಬಾಕಿ

ಪಂಚಲಿಂಗ ದರ್ಶನಕ್ಕೆ ಬಂದ ಭಕ್ತರು ಒಂದೇ ದಿನದಲ್ಲಿ ಇಳಿಯುವುದನ್ನೂ ಹತ್ತುವುದನ್ನೂ ಮುಗಿಸುತ್ತಾರೆ. ತಲಕಾಡಿನ ಮರಳುದಿಬ್ಬ ದಾಟಿ, ಮೆಟ್ಟಿಲಿಳಿದು, ಸುತ್ತಲ ಮರಳಿಗಿಂತ ಎಷ್ಟೋ ತಗ್ಗಿನಲ್ಲಿರುವ ಪಾತಾಳೇಶ್ವರ, ಮರಳೇಶ್ವರರನ್ನು ಕಾಣುತ್ತಾರೆ. ಮುಡುಕುತೊರೆಗೆ ಬಂದು ಬೆಟ್ಟ ಹತ್ತಿ ಮಲ್ಲಿಕಾರ್ಜುನನಿಗೆ ಕೈಮುಗಿಯುತ್ತಾರೆ. ಗರ್ಭಗುಡಿಯೆಂದರೆ ಕತ್ತಲು, ಇಕ್ಕಟ್ಟು, ಗಾಳಿಯಾಡದ ಜಾಗ, ಇರುವುದೊಂದೇ ಬಾಗಿಲು. ತಲಕಾಡಿನಲ್ಲಾದರೆ ಅದರ ಮೇಲೆ ನಾಲ್ಕೂ ಕಡೆ ಮರಳು. ನೆಲದಡಿಯಲ್ಲಿ ನಡೆಯುವ ಸ್ಲಾಷರ್ ಸಿನಿಮಾಕ್ಕೆ ಬೇಕಾದ ಸಾಮಗ್ರಿಯೆಲ್ಲ ಇಲ್ಲಿದೆ, ಆದರೂ ಇಳಿದವರಲ್ಲಿ ಹುಟ್ಟುವುದು ಭಕ್ತಿ. ಮುಖ ಮುಚ್ಚಿಕೊಂಡ ಒಬ್ಬ ಕೊಲೆಗಾರ, ಕೈಯಲ್ಲೊಂದು ಹರಿತವಾದ ಆಯುಧ, ಒಬ್ಬೊಬ್ಬರಾಗಿ ಕಾಣೆಯಾಗುವ ಹುಡುಗ ಹುಡುಗಿಯರು, ಇದು ಸ್ಲಾಷರ್ ಚಿತ್ರಗಳ ಹಳೆಯ ಕಟ್ಟು. ಆ ಕಟ್ಟನ್ನು ಗಣಿ, ಗುಹೆ, ಸುರಂಗಗಳೊಳಗೆ ಇಳಿಸಿದ ಕೆಲವು ಚಿತ್ರಗಳು ನನಗೆ ಬಹಳ ಪ್ರಿಯ. ಅವನ್ನು ಪ್ರೀತಿಸಲು ಕಾರಣವೇನೆಂದು ಯೋಚಿಸಿದಾಗೆಲ್ಲ ತಲಕಾಡಿನ ಈ ನಿರ್ಭಯದ ಇಳಿತವೇ ದಾರಿ ತೋರಿಸುತ್ತದೆ. ಕತ್ತಲಿಗಾಗಲಿ ಇಕ್ಕಟ್ಟಿಗಾಗಲಿ ತಾನಾಗಿ ಭಯ ಹುಟ್ಟಿಸುವ ಶಕ್ತಿ ಇಲ್ಲ. ಮೇಲಕ್ಕೆ ಬರುವ ದಾರಿಯನ್ನು ಮೇಲಿದ್ದವರೇ ಮುಚ್ಚಿ ಹೋದರು ಎಂಬ ಅರಿವಿಗೆ ಆ ಶಕ್ತಿ ಇದೆ. ಈ ಬಗೆಯ ಅತ್ಯುತ್ತಮ ಚಿತ್ರಗಳಲ್ಲಿ ಆ ದಾರಿ ಮೊಟ್ಟಮೊದಲು ಮುಚ್ಚಿಹೋದದ್ದು ಕೊಲೆಗಾರನ ಪಾಲಿಗೇ.

1972ರಲ್ಲಿ ಗ್ಯಾರಿ ಶೆರ್ಮನ್ ನಿರ್ದೇಶಿಸಿದ ‘ಡೆತ್ ಲೈನ್’ ಇದಕ್ಕೆ ಮೊದಲ ಸಾಕ್ಷಿ. ಲಂಡನ್ನಿನ ನೆಲದಡಿಯ ರೈಲು ನಿಲ್ದಾಣವೊಂದರಲ್ಲಿ ರಾತ್ರಿಹೊತ್ತು ಜನ ಕಾಣೆಯಾಗುತ್ತಾರೆ. ಕತೆಯ ಪ್ರಕಾರ 1892ರಲ್ಲಿ ಸುರಂಗ ತೋಡುತ್ತಿದ್ದಾಗ ಮಣ್ಣು ಕುಸಿದು ಕೂಲಿಗಳು, ಗಂಡಸರೂ ಹೆಂಗಸರೂ, ಒಳಗೇ ಸಿಕ್ಕಿಬಿದ್ದರು. ಕಂಪನಿ ದಿವಾಳಿಯೆದ್ದಿತ್ತು, ಅಗೆದು ಹೊರತೆಗೆಯಲು ಯಾರೂ ದುಡ್ಡು ಕೊಡಲಿಲ್ಲ. ಅವರು ಅಲ್ಲೇ ಬದುಕಿದರು, ಅಲ್ಲೇ ಹೆತ್ತರು, ಸತ್ತವರನ್ನೇ ತಿಂದರು. ಆ ವಂಶದ ಕೊನೆಯ ಗಂಡಸೇ ಈ ಕೊಲೆಗಾರ. ಕ್ಯಾಮೆರಾ ಎಲ್ಲೂ ಕತ್ತರಿಯಿಲ್ಲದೆ ನಿಧಾನವಾಗಿ ಅವನ ಬಿಡಾರದ ಉದ್ದಕ್ಕೂ ಸಾಗುವ ದೃಶ್ಯವೊಂದಿದೆ. ಕೊಳೆತ ದೇಹಗಳು ಮೊದಲು ಕಾಣುತ್ತವೆ, ಹೇಸಿಗೆ ಬರುತ್ತದೆ. ಆಮೇಲೆ ಸಾಯುತ್ತಿರುವ ತನ್ನ ಬಸುರಿ ಸಂಗಾತಿಯ ಪಕ್ಕದಲ್ಲಿ ಅವನು ಕೂತು ಆರೈಕೆ ಮಾಡುವುದು ಕಾಣುತ್ತದೆ. ಅದೇ ಚೌಕಟ್ಟಿನೊಳಗೆ ಹೇಸಿಗೆ ಕರುಣೆಯಾಗುತ್ತದೆ, ಅಷ್ಟಾದರೂ ಹೆದರಿಕೆ ಒಂದು ಎಳೆಯಷ್ಟೂ ತಗ್ಗುವುದಿಲ್ಲ. ಅವನಿಗೆ ಬರುವ ಮಾತು ಒಂದೇ ಒಂದು: ಬಾಗಿಲು ಜೋಪಾನವೆಂದು ರೈಲಿನ ಗಾರ್ಡುಗಳು ದಿನವೂ ಕೂಗುವ ಎಚ್ಚರಿಕೆ. ಗೋಡೆಯಾಚೆಯಿಂದ ಕೇಳಿ ಕಲಿತದ್ದು ಅಷ್ಟೇ. ಬೇಡುವುದಕ್ಕೂ ಬೆದರಿಸುವುದಕ್ಕೂ ಅವನಿಗೆ ಅದೊಂದೇ ಮಾತು. ಮೇಲಿನ ಲೋಕ ಅವನಿಗೆ ಕೊಟ್ಟದ್ದು ಬೇರೇನೂ ಇಲ್ಲ ಎಂಬುದನ್ನು ಇದಕ್ಕಿಂತ ಚುರುಕಾಗಿ ತೋರಿಸಿದ ಇನ್ನೊಂದು ಚಿತ್ರ ನನಗೆ ಗೊತ್ತಿಲ್ಲ. ಇನ್ನೂ ಒಂದು ಸೂಕ್ಷ್ಮವಿದೆ. ಸರ್ಕಾರದ ದೊಡ್ಡ ಅಧಿಕಾರಿಯೊಬ್ಬ ಕಾಣೆಯಾದ ಮೇಲೆಯೇ ಪೊಲೀಸರು ಈ ನಿಲ್ದಾಣದ ಕಡೆ ಗಂಭೀರವಾಗಿ ತಿರುಗಿ ನೋಡುವುದು.

ಜಾರ್ಜ್ ಮಿಹಾಲ್ಕಾ ನಿರ್ದೇಶನದ ‘ಮೈ ಬ್ಲಡಿ ವ್ಯಾಲೆಂಟೈನ್’ (1981) ಹೆಸರು ಕೇಳಿದರೆ ಅಗ್ಗದ ಚಿತ್ರವೆನಿಸುತ್ತದೆ. ಅದನ್ನು ಚಿತ್ರೀಕರಿಸಿದ್ದು ಕೆನಡಾದ ನೋವಾ ಸ್ಕೋಷಿಯಾದ ನಿಜವಾದ ಕಲ್ಲಿದ್ದಲು ಗಣಿಯೊಂದರಲ್ಲಿ. ಗಣಿಗಾರರ ಉಡುಪು, ಮುಖಕ್ಕೆ ಗ್ಯಾಸ್ ಮಾಸ್ಕ್, ಕೈಯಲ್ಲಿ ಪಿಕಾಸಿ. ಕೊಲೆಗಾರನ ವೇಷವೆಲ್ಲ ಕೆಲಸದ ಸಾಮಾನೇ. ಸುರಂಗದಲ್ಲಿ ಅವನು ನಡೆದು ಬರುತ್ತ ತಲೆಯ ಮೇಲಿನ ಬಲ್ಬುಗಳನ್ನು ಒಂದೊಂದಾಗಿ ಪಿಕಾಸಿಯಿಂದ ಒಡೆಯುತ್ತಾನೆ. ಕತ್ತಲು ಅವನ ಬೆನ್ನ ಹಿಂದೆ ಗೋಡೆಯಂತೆ ಮುಂದೊತ್ತಿ ಬರುತ್ತದೆ. ಅವನು ಓಡುವುದಿಲ್ಲ, ಓಡುವ ಅಗತ್ಯವೂ ಇಲ್ಲ, ಸುರಂಗಕ್ಕೆ ಇರುವುದು ಎರಡೇ ದಿಕ್ಕು. ಕಾಡಿನಲ್ಲೋ ಬೀದಿಯಲ್ಲೋ ನಡೆಯುವ ಸ್ಲಾಷರ್ ಚಿತ್ರಗಳಲ್ಲಿ, ನಡೆದು ಬರುವವನು ಓಡಿಹೋಗುವವಳನ್ನು ಹೇಗೆ ಹಿಡಿಯುತ್ತಾನೆ ಎಂಬ ಪ್ರಶ್ನೆ ಪ್ರೇಕ್ಷಕನನ್ನು ಕಾಡುತ್ತಲೇ ಇರುತ್ತದೆ. ನೆಲದಡಿಯಲ್ಲಿ ಆ ಪ್ರಶ್ನೆ ಏಳುವುದೇ ಇಲ್ಲ. ಈ ಉಪಪ್ರಕಾರದ ಕಲೆಗಾರಿಕೆಯ ದೊಡ್ಡ ಲಾಭ ಇದೇ: ಜಾಗವೇ ಅರ್ಧ ಕೆಲಸ ಮಾಡಿಕೊಡುತ್ತದೆ, ನಿರ್ದೇಶಕ ಸುಳ್ಳು ಹೇಳಬೇಕಾದ ಸಂದರ್ಭ ಕಡಿಮೆ.

ಆ ಚಿತ್ರದ ಹಿನ್ನೆಲೆಯ ಕತೆ ನನ್ನ ವಾದಕ್ಕೆ ಇನ್ನೂ ಹತ್ತಿರ. ಪ್ರೇಮಿಗಳ ದಿನದ ನೃತ್ಯಕೂಟಕ್ಕೆ ಹೊತ್ತಾಯಿತೆಂದು ಇಬ್ಬರು ಮೇಲ್ವಿಚಾರಕರು ಮೀಥೇನ್ ಅನಿಲದ ಮಟ್ಟ ಪರೀಕ್ಷಿಸದೆ ಎದ್ದುಹೋಗುತ್ತಾರೆ. ಕೆಳಗಿನವರು ಇನ್ನೂ ಮೇಲೆ ಬಂದಿರುವುದಿಲ್ಲ. ಗಣಿ ಸ್ಫೋಟಿಸುತ್ತದೆ, ಸಿಕ್ಕಿಬಿದ್ದವರಲ್ಲಿ ಹ್ಯಾರಿ ವಾರ್ಡನ್ ಒಬ್ಬನೇ ಉಳಿಯುತ್ತಾನೆ, ಮರುವರ್ಷ ಬಂದು ಆ ಇಬ್ಬರನ್ನೂ ಕೊಲ್ಲುತ್ತಾನೆ. ಇಪ್ಪತ್ತು ವರ್ಷದ ಮೇಲೆ ಊರು ಮತ್ತೆ ಕುಣಿಯಲು ಹೊರಟಾಗ ಕೊಲೆಗಳು ಶುರುವಾಗುತ್ತವೆ. ಇಲ್ಲಿ ಒಬ್ಬ ಜಾಣ ಓದುಗ ತಡೆಯಬಹುದು: ಕೊನೆಯಲ್ಲಿ ಮಾಸ್ಕ್ ಕಳಚಿದಾಗ ಒಳಗಿರುವುದು ಹ್ಯಾರಿಯಲ್ಲ, ಸತ್ತ ಮೇಲ್ವಿಚಾರಕನ ಮಗ, ಹಾಗಿದ್ದ ಮೇಲೆ ದಾರಿ ಮುಚ್ಚಿಸಿಕೊಂಡವನೇ ಕೊಲೆಗಾರ ಎಂಬ ಮಾತು ಹೇಗೆ ನಿಂತೀತು? ನಿಲ್ಲುತ್ತದೆ, ಮೊದಲಿಗಿಂತ ಗಟ್ಟಿಯಾಗಿ ನಿಲ್ಲುತ್ತದೆ. ಅಪ್ಪ ಮಾಡಿದ ಉಪೇಕ್ಷೆಯ ಬಾಕಿ ಮಗನ ತಲೆಗೆ ಬಂತು. ಅಪ್ಪನ ಕೊಲೆಯನ್ನು ಕಣ್ಣಾರೆ ಕಂಡ ಮಗು ಬೆಳೆದು, ಅಪ್ಪ ಯಾರನ್ನು ಕತ್ತಲಲ್ಲಿ ಬಿಟ್ಟು ಹೋದನೋ ಅವನ ಉಡುಪನ್ನೇ ತೊಡುತ್ತದೆ. ಮೇಲೆ ಹುಟ್ಟಿದವನೂ ಕೆಳಗಿನವನ ವೇಷಕ್ಕೆ ಬೀಳಬೇಕಾದಷ್ಟು ಆ ಬಾಕಿ ಬೆಳೆದಿದೆ. ಸಾಲದ ಮೇಲೆ ಬಡ್ಡಿ, ಬಡ್ಡಿಯ ಮೇಲೆ ಚಕ್ರಬಡ್ಡಿ ಕಂಡ ನಮ್ಮ ಹಳ್ಳಿಗಳವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಹೆಚ್ಚು ಗಟ್ಟಿಯಾದ ಆಕ್ಷೇಪ ಬರುವುದು ನೀಲ್ ಮಾರ್ಷಲ್ ಅವರ ‘ದಿ ಡಿಸೆಂಟ್’ (2005) ಕಡೆಯಿಂದ. ಆರು ಹೆಂಗಸರು ಗುಹೆಗೆ ಇಳಿಯುತ್ತಾರೆ, ದಾರಿ ಕುಸಿಯುತ್ತದೆ, ಒಳಗೆ ಕುರುಡು ಜೀವಿಗಳಿವೆ. ಆ ಜೀವಿಗಳಿಗೆ ಯಾರೂ ಅನ್ಯಾಯ ಮಾಡಿದ್ದಿಲ್ಲ, ಯಾರೂ ಅವನ್ನು ಹೂತು ಬಂದದ್ದಿಲ್ಲ. ಈ ಚಿತ್ರವನ್ನು ಬಿಟ್ಟು ನೆಲದಡಿಯ ಹಾರರ್ ಬಗ್ಗೆ ಮಾತಾಡಲು ಸಾಧ್ಯವಿಲ್ಲ, ಆದ್ದರಿಂದ ಉತ್ತರ ಕೊಡಲೇಬೇಕು. ಗಮನಿಸಬೇಕಾದದ್ದು, ಆ ಜೀವಿಗಳು ಸರಿಯಾಗಿ ಕಣ್ಣಿಗೆ ಬೀಳುವುದು ಚಿತ್ರ ಸುಮಾರು ಅರ್ಧ ಮುಗಿದ ಮೇಲೆ. ಅಷ್ಟರಲ್ಲಿ ಪ್ರೇಕ್ಷಕನ ಉಸಿರು ಕಟ್ಟಿಹೋಗಿರುತ್ತದೆ. ಕಟ್ಟಿಸಿದ್ದು ಜೂನೋ ಎಂಬ ಗೆಳತಿಯ ಸುಳ್ಳು. ಎಲ್ಲರಿಗೂ ಗೊತ್ತಿರುವ ಗುಹೆಗೆ ಹೋಗುತ್ತೇವೆಂದು ಹೇಳಿ, ಯಾರೂ ಹೊಕ್ಕಿಲ್ಲವೆಂದು ತಾನು ನಂಬಿದ ಗುಹೆಗೆ ಅವಳು ಉಳಿದವರನ್ನು ಕರೆತಂದಿದ್ದಾಳೆ. ಮಾರ್ಗದರ್ಶಿ ಪುಸ್ತಕವನ್ನು ಬೇಕೆಂದೇ ಕಾರಿನಲ್ಲಿ ಬಿಟ್ಟಿದ್ದಾಳೆ. ಹುಡುಕಿಕೊಂಡು ಬರುವವರು ಹುಡುಕುವುದು ಬೇರೆ ಗುಹೆಯನ್ನು. ಕಲ್ಲು ಕುಸಿಯುವ ಮೊದಲೇ ದಾರಿ ಮುಚ್ಚಿತ್ತು, ಅದೂ ನೆಲದ ಮೇಲೆ, ಹಾಡಹಗಲಲ್ಲಿ. ಚಿತ್ರದಲ್ಲಿ ಅತ್ಯಂತ ಘೋರವಾದ ಇರಿತ ಯಾವುದೆಂದು ನೆನೆಸಿಕೊಂಡರೆ ಅದೂ ಆ ಜೀವಿಗಳದ್ದಲ್ಲ. ಗಾಬರಿಯಲ್ಲಿ ಜೂನೋ ತನ್ನ ಗೆಳತಿಯ ಕುತ್ತಿಗೆಗೆ ಪಿಕಾಸಿ ಹೊಡೆದು, ಅವಳನ್ನು ಅಲ್ಲೇ ಬಿಟ್ಟು ಹೋಗುತ್ತಾಳೆ. ಕುರುಡು ಜೀವಿಗಳು ಹಸಿವಿನಿಂದ ಕೊಲ್ಲುತ್ತವೆ, ಬಿಟ್ಟುಹೋಗುವುದು ಮನುಷ್ಯರ ಕೆಲಸ. ಚಿತ್ರದ ಗುಹೆಯೆಲ್ಲ ಸ್ಟುಡಿಯೋದಲ್ಲಿ ಕಟ್ಟಿದ ಸೆಟ್ಟು. ಆದರೂ ನಂಬಿಕೆ ಬರುವುದು ಬೆಳಕಿನ ಶಿಸ್ತಿನಿಂದ: ಪಾತ್ರಗಳು ಹೊತ್ತು ತಂದ ತಲೆದೀಪ, ಪಂಜು, ಕ್ಯಾಮೆರಾಗಳ ಬೆಳಕು ಬಿಟ್ಟರೆ ಬೇರೆ ಬೆಳಕು ಅಲ್ಲಿದ್ದಂತೆ ಅನ್ನಿಸುವುದಿಲ್ಲ. ಪರದೆಯ ಬಹುಪಾಲು ಕಪ್ಪಗಿರುತ್ತದೆ, ಒಂದು ಮುಖದಷ್ಟು ಜಾಗ ಮಾತ್ರ ಬೆಳಗುತ್ತದೆ.

ಇವೆಲ್ಲ ರಕ್ತ ನೋಡುವ ಚಪಲಕ್ಕೆ ಹೊಲಿದ ನೆಪಗಳೆಂದು ಹಲವರು ಹೇಳುತ್ತಾರೆ. ಸ್ಲಾಷರ್ ಚಿತ್ರಗಳ ದೊಡ್ಡ ರಾಶಿಯ ಬಗ್ಗೆ ಆ ಮಾತು ನಿಜವೇ. ಕೊಯ್ಯುವುದಷ್ಟನ್ನೇ ಕಲಿತ ಚಿತ್ರಗಳನ್ನು ನಾನು ಸಮರ್ಥಿಸುವುದಿಲ್ಲ. ನೆಲದಡಿಯ ಚಿತ್ರಗಳ ವಿಷಯದಲ್ಲಿ ಮಾತ್ರ ಈ ಆರೋಪವನ್ನು ಒರೆಗೆ ಹಚ್ಚಲು ಒಂದು ಸಂದರ್ಭ ತಾನಾಗಿ ಒದಗಿತ್ತು. ಅಮೆರಿಕದ ಬಿಡುಗಡೆಗಾಗಿ ‘ಮೈ ಬ್ಲಡಿ ವ್ಯಾಲೆಂಟೈನ್’ನಿಂದ ಸುಮಾರು 9 ನಿಮಿಷದಷ್ಟು ಹಿಂಸೆಯನ್ನು ಕತ್ತರಿಸಿ ತೆಗೆಯಲಾಯಿತು. ರಕ್ತವೇ ಸರ್ವಸ್ವವಾಗಿದ್ದರೆ ಚಿತ್ರ ಅಲ್ಲಿಗೇ ಸತ್ತುಹೋಗಬೇಕಿತ್ತು. ಜನ ಎರಡು ದಶಕಕ್ಕೂ ಹೆಚ್ಚು ಕಾಲ ಆ ಕತ್ತರಿಸಿದ ಪ್ರತಿಯನ್ನೇ ನೋಡಿ ಮೆಚ್ಚಿಕೊಂಡರು. ಬಲ್ಬು ಒಡೆಯುವ ಸದ್ದು, ಮಾಸ್ಕಿನೊಳಗಿನ ಉಸಿರು, ಗಣಿಯ ಬಟ್ಟೆಕೋಣೆಯಲ್ಲಿ ಮೇಲಿಂದ ಒಂದೊಂದಾಗಿ ಕೆಳಗಿಳಿಯುವ ಖಾಲಿ ಉಡುಪುಗಳು, ಇವುಗಳಿಗೆ ಯಾವ ಕತ್ತರಿಯೂ ತಾಗಿರಲಿಲ್ಲ. ಕ್ರಿಸ್ಟೋಫರ್ ಸ್ಮಿತ್ ಅವರ ‘ಕ್ರೀಪ್’ (2004) ಚಿತ್ರದಲ್ಲಿ ರಕ್ತಕ್ಕೆ ಕೊರತೆಯಿಲ್ಲ, ಕೆಲವೆಡೆ ಅತಿಯೇ ಆಯಿತು. ಮನಸ್ಸಿನಲ್ಲಿ ಉಳಿಯುವುದು ಅದರ ಕೊನೆ. ಪಾರ್ಟಿಯ ಉಡುಪಿನಲ್ಲಿ ಲಂಡನ್ ನಿಲ್ದಾಣಕ್ಕೆ ಇಳಿದ ಹೆಂಗಸು ರಾತ್ರಿಯೆಲ್ಲ ಸುರಂಗದಲ್ಲಿ ಸಾವಿನಿಂದ ತಪ್ಪಿಸಿಕೊಂಡು, ಕೊಳೆ ಬಳಿದುಕೊಂಡು ಪ್ಲಾಟ್‌ಫಾರ್ಮಿನ ಮೇಲೆ ಕೂರುತ್ತಾಳೆ. ಬೆಳಗಿನ ರೈಲಿಗೆ ಬಂದವನೊಬ್ಬ ಅವಳನ್ನು ಭಿಕ್ಷುಕಿಯೆಂದುಕೊಂಡು ನಾಣ್ಯ ಹಾಕಿ ಹೋಗುತ್ತಾನೆ. ಮೇಲಿನವರಿಗೆ ಕೆಳಗಿನವರು ಹೇಗೆ ಕಾಣುತ್ತಾರೆಂಬುದು ಆ ಒಂದು ನಾಣ್ಯದಲ್ಲಿದೆ.

ಹಾಗಾದರೆ ತಲಕಾಡು ಏಕೆ ಹೆದರಿಸುವುದಿಲ್ಲ? ಹೆದರಿಸಲು ಅದಕ್ಕೆ ಎಲ್ಲ ಹಕ್ಕೂ ಇದೆ. ಗಂಗರ ರಾಜಧಾನಿಯಾಗಿದ್ದ ಊರು. 1117ರಲ್ಲಿ ವಿಷ್ಣುವರ್ಧನ ಚೋಳರನ್ನು ಗೆದ್ದ ನೆನಪಿಗೆ ಕೀರ್ತಿನಾರಾಯಣನ ಗುಡಿ ಕಟ್ಟಿಸಿದ ಊರು. ಕೊನೆಗೆ ಗುಡಿ, ಬೀದಿ ಸಮೇತ ಮರಳಡಿ ಸೇರಿದ ಊರು. 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣ ವಶಪಡಿಸಿಕೊಂಡ ಬಳಿಕ, ಒಡವೆ ಕೇಳಿ ಬಂದ ಸೈನಿಕರಿಂದ ತಪ್ಪಿಸಿಕೊಳ್ಳಲು ಅಲ್ಲಿನ ಅಧಿಪತಿಯ ಹೆಂಡತಿ ಅಲಮೇಲಮ್ಮ ಮಾಲಂಗಿಯ ಮಡುವಿಗೆ ಹಾರಿ, ತಲಕಾಡು ಮರಳಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಎಂದು ಶಾಪವಿಟ್ಟಳೆಂಬ ಕತೆ ಈ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಶಾಪ ಬೇಡವೆನ್ನುವವರು ಗಾಳಿಯನ್ನೂ ಹೊಳೆಯ ತಿರುವನ್ನೂ ಮೇಲ್ಹರಿವಿನ ಮಾಧವಮಂತ್ರಿ ಅಣೆಕಟ್ಟೆಯನ್ನೂ ತೋರಿಸುತ್ತಾರೆ. ನೀರು ಕಡಿಮೆಯಾಗಿ ಬರಿದಾದ ಪಾತ್ರದ ಮರಳನ್ನು ನೈರುತ್ಯದ ಗಾಳಿ ದಡಕ್ಕೆ ಹೊತ್ತು ತಂದಿತೆಂಬ ಆ ವಿವರಣೆಯಲ್ಲೂ ಮೇಲಿನವರ ಕೈವಾಡವೊಂದು ಇದ್ದೇ ಇದೆ. ಆದರೆ ಇಲ್ಲಿ ನಡೆದದ್ದು ‘ಡೆತ್ ಲೈನ್’ಗೆ ತೀರ ವಿರುದ್ಧವಾದ ಕೆಲಸ. ದರ್ಶನ ಬಂದಾಗಲೆಲ್ಲ ಜನ ಮರಳು ತೆಗೆದರು, ಪುರಾತತ್ತ್ವದವರು ಅಗೆದು ಕೀರ್ತಿನಾರಾಯಣನನ್ನು ಬೆಳಕಿಗೆ ತಂದರು, ಮೆಟ್ಟಿಲು ಕಟ್ಟಿದರು. ಅಲಮೇಲಮ್ಮನಿಗೆ ಮೈಸೂರಿನ ಅರಮನೆಯಲ್ಲೇ ಪೂಜೆ ಸಲ್ಲುತ್ತದೆ. ಶಾಪ ತಟ್ಟಿದವರೇ ಶಾಪವಿಟ್ಟವಳಿಗೆ ತಲೆಬಾಗುತ್ತಾರೆ. ಕೆಳಗಿರುವುದನ್ನು ಮೇಲಿನವರು ಮರೆತಿಲ್ಲ, ಮತ್ತೆ ಮತ್ತೆ ಬಂದು ದಾರಿ ಬಿಡಿಸುತ್ತಾರೆ. ಹಾಗೆ ಬಿಡಿಸಿದ ದಾರಿಯಲ್ಲಿ ಇಳಿಯುವವರಿಗೆ ಕತ್ತಲು ಕತ್ತಲಷ್ಟೇ. ಇಲ್ಲೊಂದು ಸ್ಲಾಷರ್ ಕತೆ ಹೂಡಿದರೆ ಅದು ಸುಳ್ಳಾಗುತ್ತದೆ, ದೇವರ ಅಂಜಿಕೆಯ ಮಾತು ಹಾಗಿರಲಿ.

ಕನ್ನಡಕ್ಕೆ ಇಂಥ ಚಿತ್ರ ಬರುವುದಾದರೆ ಅದರ ಜಾಗ ಕೋಲಾರದ ಚಿನ್ನದ ಗಣಿ. ಮುಡುಕುತೊರೆಯ ಬುಡದಲ್ಲಿ ತಿರುಗುವ ಕಾವೇರಿಗೂ ಆ ಗಣಿಗೂ ನೇರ ನಂಟಿದೆ: ಇದೇ ಹೊಳೆ ಮುಂದೆ ಶಿವನಸಮುದ್ರದಲ್ಲಿ ಧುಮುಕುತ್ತದೆ, ಅಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಮೊದಲು ತಲುಪಿದ್ದು ಆ ಗಣಿಯನ್ನೇ, ಊರುಗಳ ಮನೆಗಳನ್ನಲ್ಲ. ಚಾಂಪಿಯನ್ ರೀಫ್ 3 ಕಿಲೋಮೀಟರಿಗೂ ಹೆಚ್ಚು ಆಳ; ಕೆಳಗಿನ ಬಂಡೆ ಮುಟ್ಟಲಾರದಷ್ಟು ಬಿಸಿ; ಒತ್ತಡ ತಾಳದೆ ಬಂಡೆ ತಾನೇ ಸಿಡಿಯುವ ರಾಕ್ ಬರ್ಸ್ಟ್ ಅಲ್ಲಿನವರಿಗೆ ನಿತ್ಯದ ಭಯವಾಗಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪ್ರಶಾಂತ್ ನೀಲ್ ಅವರ ‘ಕೆಜಿಎಫ್’ (2018) ಅಲ್ಲಿನ ಸಯನೈಡ್ ದಿಬ್ಬಗಳ ಮೇಲೆ ಸೆಟ್ಟು ಹಾಕಿ ಗುಲಾಮ ಕೂಲಿಗಳ ಕತೆ ಹೇಳಿತು; ಆದರೆ ಅದರ ಕಣ್ಣು ಸದಾ ಹೊರಗಿನಿಂದ ಬಂದ ವೀರನ ಮೇಲಿತ್ತು, ಕೆಳಗೆ ಉಳಿದವನ ಉಸಿರು ಅದಕ್ಕೆ ಕೇಳಿಸಲಿಲ್ಲ. ದುಡಿದು ಸತ್ತವರ ನೋವನ್ನು ಹಾರರ್ ಮಾಡುವುದು ಅಗೌರವವಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಗಣಿಗಾರನನ್ನು ಬರೀ ಪಿಕಾಸಿ ಹಿಡಿದ ರಾಕ್ಷಸನನ್ನಾಗಿ ಮಾಡಿದರೆ ಖಂಡಿತ ಅಗೌರವ. ಮೊದಲ ತಪ್ಪನ್ನು ಮೇಲ್ವಿಚಾರಕರ ಮೇಲಿಟ್ಟು ಅದನ್ನು ತಪ್ಪಿಸುವ ಬಗೆಯನ್ನು ಮಿಹಾಲ್ಕಾ ಆಗಲೇ ತೋರಿಸಿದ್ದಾರೆ. ಕೋಲಾರದ ಚಿತ್ರವೂ ಮೊದಲ ಅರ್ಧ ಗಂಟೆ ಶಾಫ್ಟಿನೊಳಗೆ ಇಳಿಯಬಾರದು. ಮೇಲಿನ ಆಫೀಸಿನಲ್ಲಿ ನಿಲ್ಲಬೇಕು: ಪಾಳಿ ಮುಗಿದ ಹೊತ್ತು, ಕೇಜಿನಲ್ಲಿ ಎಷ್ಟು ಜನ ಇಳಿದರು, ಎಷ್ಟು ಜನ ಹತ್ತಿ ಬಂದರು ಎಂದು ಲೆಕ್ಕ ನೋಡದೆ ರಿಜಿಸ್ಟರಿಗೆ ಸಹಿ ಹಾಕಿ ಮನೆಗೆ ಹೊರಟ ಅಧಿಕಾರಿಯ ಮುಖವನ್ನು ಪ್ರೇಕ್ಷಕರು ಚೆನ್ನಾಗಿ ನೋಡಿಕೊಳ್ಳಬೇಕು.