ನಿವೃತ್ತರ ಊರಿನಲ್ಲಿ ಒಂದು ಸಂಜೆ

ಧಾರವಾಡವನ್ನು ನೋಡಲು ಬಂದವರು ಪೇಢೆ ಕೊಂಡು ಹಿಂದಿರುಗುತ್ತಾರೆ; ನಿವೃತ್ತರಾಗಿ ಬಂದವರು ಮಾತ್ರ ಹಿಂದಿರುಗುವುದಿಲ್ಲ. ಅತ್ತ ಮಲೆನಾಡೂ ಅಲ್ಲದ, ಇತ್ತ ಬಯಲುಸೀಮೆಯೂ ಅಲ್ಲದ, ಸಮುದ್ರಮಟ್ಟದಿಂದ ಸುಮಾರು ೨,೪೦೦ ಅಡಿ ಎತ್ತರದ ಈ ಊರಿನ ಹವೆಯೇ ಅಂಥದು. ಮುಂಗಾರಿನಲ್ಲಿ ಜಿಟಿಜಿಟಿ ಮಳೆ, ಬೇಸಿಗೆಯ ಸಂಜೆಗೂ ಒಂದಿಷ್ಟು ತಂಗಾಳಿ, ನಡೆದಾಡಲು ಏರುತಗ್ಗಿನ ನೆರಳುದಾರಿ. ೧೮೯೦ರಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘ, ೧೯೧೭ರ ಕರ್ನಾಟಕ ಕಾಲೇಜು, ಆಮೇಲೆ ಬಂದ ವಿಶ್ವವಿದ್ಯಾಲಯ ಇವೆಲ್ಲವೂ ಸೇರಿ ಇದನ್ನು ಮಾಸ್ತರರ ಊರನ್ನಾಗಿ ಮಾಡಿದವು. ಮಾಸ್ತರರ ಊರು ಕಾಲಕ್ರಮದಲ್ಲಿ ಪೆನ್ಶನ್‌ದಾರರ ಊರಾಯಿತು.

ಹುಬ್ಬಳ್ಳಿಯ ಸ್ವಭಾವ ಬೇರೆ. ಅದು ವ್ಯಾಪಾರದ, ರೈಲಿನ, ಗಡಿಬಿಡಿಯ ಊರು. ೧೯೬೨ರಲ್ಲಿ ಎರಡಕ್ಕೂ ಒಂದೇ ಮಹಾನಗರಪಾಲಿಕೆಯಾಯಿತು. ಗುಣಗಳು ಮಾತ್ರ ಇನ್ನೂ ಎರಡಾಗಿಯೇ ಉಳಿದಿವೆ. ಕಳೆದ ಮಳೆಗಾಲದ ಒಂದು ಮಧ್ಯಾಹ್ನ ನಾನು ಹುಬ್ಬಳ್ಳಿಯಲ್ಲಿ ‘ಚಿಗರಿ’ ಬಸ್ಸನ್ನು ಹತ್ತಿದೆ. ಉಣಕಲ್ಲಿನ ಕೆರೆಯನ್ನು ದಾಟಿ, ಪೇರಲಹಣ್ಣಿಗೆ ಹೆಸರಾದ ನವಲೂರನ್ನು ಹಾದು ಧಾರವಾಡ ತಲುಪುವಷ್ಟರಲ್ಲಿ ಮೋಡ ಕವಿದಿತ್ತು. ಸಾಧನಕೇರಿಗೆ ನಡೆದೆ. ಬೇಂದ್ರೆಯವರು ಬಾಳಿದ ಕೇರಿಯೆಂದು ಅಲ್ಲಿಗೆ ಹೋಗುವವರು ಬಹಳ. ನಾನು ಹೋದದ್ದು ಕೆರೆಯ ದಂಡೆಯಲ್ಲಿ ಸಂಜೆ ಸೇರುವ ವೃದ್ಧರನ್ನು ನೋಡಲೆಂದು.

ವೃದ್ಧರು ಒಬ್ಬೊಬ್ಬರಾಗಿ ಬರುವುದು ಕಡಿಮೆ. ಗಂಡ ನಾಲ್ಕು ಹೆಜ್ಜೆ ಮುಂದೆ, ಹೆಂಡತಿ ನಾಲ್ಕು ಹೆಜ್ಜೆ ಹಿಂದೆ. ಇಬ್ಬರು ಬೀಗರು, ಒಂದೇ ಕಚೇರಿಯ ಇಬ್ಬರು ಗುಮಾಸ್ತರು, ಹೀಗೆ ಜೋಡಿಜೋಡಿಯಾಗಿ. ಅಂಥ ಜೋಡಿಗಳ ನಡುವೆಯೇ ಪ್ರತಿ ಸಂಜೆ ಒಂದೇ ಕೊಡೆಯಡಿಯಲ್ಲಿ ಬರುವ ಇಬ್ಬರು ಹೆಂಗಸರಿದ್ದಾರೆ. ಒಬ್ಬರು ಶಾಲೆಯಲ್ಲಿ ಕಲಿಸಿದವರು, ವಯಸ್ಸು ಎಪ್ಪತ್ತೆರಡು. ಇನ್ನೊಬ್ಬರು ಅಂಚೆಕಚೇರಿಯಲ್ಲಿ ದುಡಿದವರು, ಅವರಿಗಿಂತ ಮೂರು ವರ್ಷ ಕಿರಿಯರು. ಓಣಿಯವರಿಗೆ ಒಬ್ಬರು ‘ಸಾಲಿ ಬಾಯಾರು’, ಮತ್ತೊಬ್ಬರು ‘ಪೋಸ್ಟಿನ ಬಾಯಾರು’. ಹೊಸಬರು ಕೇಳಿದರೆ, ‘ಅಕ್ಕ-ತಂಗಿ ಇದ್ದಂಗ’ ಎಂದು ಹೇಳುತ್ತಾರೆ. ಅವರು ಅಕ್ಕತಂಗಿಯರಲ್ಲ. ನಲವತ್ತು ವರ್ಷಗಳಿಂದ ಒಬ್ಬರನ್ನೊಬ್ಬರು ಪ್ರೀತಿಸಿ, ಒಂದೇ ಸೂರಿನಡಿ ಸಂಸಾರ ಮಾಡಿದ ಸಂಗಾತಿಗಳು.

ಸಾಲಿ ಬಾಯಾರು ನಮ್ಮ ಅಕ್ಕನಿಗೆ ಪಾಠ ಹೇಳಿದವರು. ಆ ಸಲುಗೆಯಿಂದ ಅವರ ಮನೆಯ ಪರಿಚಯ ನನಗುಂಟು. ಈ ಲೇಖನಕ್ಕೆ ಒಪ್ಪಿಗೆ ಕೇಳಿದಾಗ ಅವರು ಹೇಳಿದ್ದಿಷ್ಟು: “ಹೆಸರು ಬ್ಯಾಡ, ಓಣಿ ಬ್ಯಾಡ. ಉಳಿದದ್ದು ಬರೀರಿ.” ಆದ್ದರಿಂದ ವಾಚಕರು ಹೆಸರನ್ನಾಗಲಿ ಓಣಿಯನ್ನಾಗಲಿ ನಿರೀಕ್ಷಿಸಬಾರದು.

“ಒಳಗ ಬರ್ರಿ, ಮಳಿ ಜೋರಾಗೂದ್ರಾಗ” ಎಂದು ಪೋಸ್ಟಿನ ಬಾಯಾರು ಬಾಗಿಲು ತೆರೆದರು. ಮಂಗಳೂರು ಹೆಂಚಿನ ಸಣ್ಣ ಮನೆ. ಅಂಗಳದಲ್ಲಿ ಒಂದು ಪಾರಿಜಾತ, ಪಡಸಾಲೆಯಲ್ಲಿ ಎರಡು ಬೆತ್ತದ ಕುರ್ಚಿ, ಗೋಡೆಯುದ್ದಕ್ಕೂ ಪುಸ್ತಕ. ಅವುಗಳ ನಡುವೆ ವಸುಧೇಂದ್ರರ ‘ಮೋಹನಸ್ವಾಮಿ’ ಕಣ್ಣಿಗೆ ಬಿತ್ತು. ೨೦೧೩ರಲ್ಲಿ ಬಂದ ಆ ಕಥಾಸಂಕಲನ ಸಲಿಂಗಪ್ರೇಮಿಯೊಬ್ಬನ ಬಾಳನ್ನು ಕನ್ನಡದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿತು. “ಅದು ಗಂಡಸರ ಮಾತು ಖರೆ. ಆದ್ರೂ ನಮ್ಮಂಥವರ ಸುದ್ದಿ ನಮ್ಮ ಭಾಷಾದಾಗ ಓದಿದಾಗ ನನಗ ಅರವತ್ತು ಆಗಿತ್ತು ನೋಡ್ರಿ” ಎಂದು ಸಾಲಿ ಬಾಯಾರು ನಕ್ಕರು.

ಊರು ನಿಮ್ಮನ್ನು ನೋಯಿಸಲಿಲ್ಲವೇ ಎಂದು ಕೇಳಿದೆ. ಅವಲಕ್ಕಿಯ ತಟ್ಟೆಯನ್ನು ಮುಂದಿಡುತ್ತ ಪೋಸ್ಟಿನ ಬಾಯಾರು ಹೇಳಿದರು: “ಯಾರೂ ಏನೂ ಅಂದಿಲ್ರಿ. ಯಾಕಂದ್ರ ನಾವೂ ಯಾರಿಗೂ ಏನೂ ಹೇಳಿಲ್ಲ.”

ಈ ಮಾತಿನಲ್ಲಿ ನಮ್ಮ ಊರುಗಳ ಔದಾರ್ಯವೂ ಅದರ ಮಿತಿಯೂ ಒಟ್ಟಿಗೆ ಇವೆ. ಮದುವೆಯಾಗದ ಇಬ್ಬರು ಉದ್ಯೋಗಸ್ಥ ಹೆಂಗಸರು ಖರ್ಚು ಹಂಚಿಕೊಂಡು ಒಂದು ಮನೆ ಮಾಡಿದರೆ ಧಾರವಾಡ ತಪ್ಪೆಣಿಸಲಿಲ್ಲ. ಅರಿಸಿನ ಕುಂಕುಮಕ್ಕೆ ಕರೆಯಿತು, ಹಬ್ಬಕ್ಕೆ ಹೋಳಿಗೆ ಕಳಿಸಿತು. ಸಂಬಂಧಕ್ಕೆ ಹೆಸರಿಡಬಾರದು ಎಂಬುದೊಂದೇ ಕರಾರು. ಯೌವನದಲ್ಲಿ ಆ ಮೌನ ಅವರನ್ನು ಕಾಯಿತು. ಮುಪ್ಪಿನಲ್ಲಿ ಅದೇ ಮೌನ ಕೈಕೊಟ್ಟಿತು.

ಎರಡು ವರ್ಷಗಳ ಹಿಂದೆ ಒಂದು ರಾತ್ರಿ ಸಾಲಿ ಬಾಯಾರಿಗೆ ಎದೆನೋವು ಬಂತು. ಆಸ್ಪತ್ರೆಯೊಂದಕ್ಕೆ ಒಯ್ದರು. ತುರ್ತು ಉಪಚಾರವೇನೋ ನಡೆಯಿತು, ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯ ಕಾಗದ ಬಂದಾಗ ಗುಮಾಸ್ತ ಕೇಳಿದ: “ನೀವು ಪೇಶಂಟಿಗೆ ಏನಾಗಬೇಕ್ರಿ?”

“ಗೆಳತಿ.”

“ಗೆಳತಿ ನಡಿಯೂದಿಲ್ರಿ ಅಮ್ಮಾ. ರಕ್ತಸಂಬಂಧಿ ಯಾರದಾರ?”

ಬೆಳಗಾವಿಯಿಂದ ಸೋದರಳಿಯ ಬಂದು ಸಹಿ ಹಾಕುವವರೆಗೆ ಪೋಸ್ಟಿನ ಬಾಯಾರು ಹೊರಗಿನ ಬಾಕಿನ ಮೇಲೆ ಕುಳಿತಿದ್ದರು. ರೋಗಿ ಯಾವ ಗುಳಿಗೆ ನುಂಗುತ್ತಾರೆ, ಯಾವ ಔಷಧ ಅವರಿಗೆ ಒಗ್ಗದು ಎಂಬುದೆಲ್ಲ ಗೊತ್ತಿದ್ದವರು ಬಾಕಿನ ಮೇಲೆ. ಐದು ವರ್ಷಗಳಿಂದ ಮುಖ ನೋಡದವನು ಒಳಗೆ. “ಅವನದೇನೂ ತಪ್ಪಿಲ್ಲ, ಪಾಪ, ಓಡಿ ಬಂದ” ಎಂದು ಅವರು ಸೇರಿಸಿದರು. ಸ್ವಲ್ಪ ಹೊತ್ತು ಮೂವರೂ ಮಾತಾಡಲಿಲ್ಲ. ಹೆಂಚಿನ ಮೇಲೆ ಮಳೆ ಹೊಯ್ಯುತ್ತಿತ್ತು.

ಕಾನೂನು ಏನು ಹೇಳುತ್ತದೆ? ೨೦೧೮ರ ಸೆಪ್ಟೆಂಬರ್ ೬ರಂದು ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ತೀರ್ಪಿತ್ತಿತು. ಆ ಮೊಕದ್ದಮೆಗೆ ಹೆಸರು ಕೊಟ್ಟ ನರ್ತಕ ನವತೇಜ್ ಸಿಂಗ್ ಜೋಹರ್ ಹಾಗೂ ಅವರೊಡನೆ ಅರ್ಜಿದಾರರಾಗಿದ್ದ ಪತ್ರಕರ್ತ ಸುನಿಲ್ ಮೆಹ್ರಾ ಎರಡು ದಶಕಗಳಿಗೂ ಮೇಲ್ಪಟ್ಟು ಜೊತೆಗಿದ್ದವರು. ಆದರೆ ೨೦೨೩ರ ಅಕ್ಟೋಬರ್ ೧೭ರ ತೀರ್ಪಿನಲ್ಲಿ ಅದೇ ನ್ಯಾಯಾಲಯ ಇಂಥವರಿಗೆ ವಿವಾಹದ ಮನ್ನಣೆಯನ್ನು ಕೊಡಲಿಲ್ಲ. ಅದು ಶಾಸನಸಭೆಯ ಕೆಲಸವೆಂದಿತು. ಹೀಗಾಗಿ ಒಬ್ಬರು ತೀರಿದರೆ ಕುಟುಂಬ ಪೆನ್ಶನ್ ಇನ್ನೊಬ್ಬರಿಗೆ ಬರುವುದಿಲ್ಲ. ಮನೆಯಿರುವುದು ಸಾಲಿ ಬಾಯಾರ ಹೆಸರಿನಲ್ಲಿ. ಉಯಿಲಿಲ್ಲದಿದ್ದರೆ ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಅವಿವಾಹಿತ ಸ್ತ್ರೀಯ ಆಸ್ತಿ ತಾಯಿತಂದೆಗಳಿಗೆ, ಅವರಿಲ್ಲದಿದ್ದರೆ ತಂದೆಯ ವಾರಸುದಾರರಿಗೆ ಸೇರುತ್ತದೆ. ಪಾರಿಜಾತ ನೆಟ್ಟವರು ಅಂಗಳ ಬಿಟ್ಟು ಹೋಗಬೇಕಾದೀತು.

ಆದರೂ ದಾರಿಗಳು ಇಲ್ಲದಿಲ್ಲ. ಸಲಿಂಗ ಸಂಗಾತಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಪರಸ್ಪರರನ್ನು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಇಲಾಖೆ ೨೦೨೪ರ ಆಗಸ್ಟ್ ೨೮ರಂದು ಸ್ಪಷ್ಟಪಡಿಸಿತು. ಅದೇ ವರ್ಷ ಪಡಿತರ ಚೀಟಿಗೆ ಅವರನ್ನು ಒಂದೇ ಕುಟುಂಬವೆಂದು ಎಣಿಸಬೇಕೆಂದೂ, ಹತ್ತಿರದ ಬಂಧುಗಳು ದೊರೆಯದಾಗ ಸಂಗಾತಿಯು ಪಾರ್ಥಿವ ಶರೀರವನ್ನು ಕೇಳಿ ಪಡೆಯಬಹುದೆಂದೂ ರಾಜ್ಯಗಳಿಗೆ ಸೂಚನೆ ಹೋಯಿತು. ೨೦೨೫ರ ಮೇ ತಿಂಗಳಲ್ಲಿ ಮದ್ರಾಸು ಹೈಕೋರ್ಟು, ಕುಟುಂಬ ಕಟ್ಟಿಕೊಳ್ಳಲು ವಿವಾಹವೊಂದೇ ಮಾರ್ಗವಲ್ಲವೆಂದು ಹೇಳಿತು. ಎಲ್ಲಕ್ಕಿಂತ ಹಳೆಯ ದಾರಿಯೆಂದರೆ ಉಯಿಲು: ಬುದ್ಧಿ ಸ್ಥಿಮಿತದಲ್ಲಿರುವಾಗ ಬರೆದು, ಇಬ್ಬರು ಸಾಕ್ಷಿಗಳೆದುರು ಸಹಿ ಹಾಕಿದರೆ ಸಾಕು, ನೋಂದಣಿ ಕಡ್ಡಾಯವಲ್ಲವಾದರೂ ಮಾಡಿಸಿದರೆ ಒಳ್ಳೆಯದು.

ಪರದೇಶಗಳಲ್ಲಿ ಇಂಥ ಹಿರಿಯರಿಗಾಗಿಯೇ ವಸತಿಗಳು ಎದ್ದಿವೆ. ಬರ್ಲಿನ್ನಿನಲ್ಲಿ ೨೦೧೨ರಲ್ಲಿ ಒಂದು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ೨೦೧೪ರಲ್ಲಿ ೫೬ ಮನೆಗಳ ಇನ್ನೊಂದು. ಅಲ್ಲಿ ವೃದ್ಧಾಶ್ರಮ ಸೇರಿದವರು ಬಾಳಿನುದ್ದಕ್ಕೂ ಬಿಚ್ಚಿಟ್ಟ ಗುಟ್ಟನ್ನು ಕೊನೆಗಾಲದಲ್ಲಿ ಮತ್ತೆ ಬಚ್ಚಿಡಬಾರದೆಂಬುದು ಇವುಗಳ ಹಿಂದಿನ ಯೋಚನೆ. ಇದನ್ನು ಹೇಳಿದಾಗ ಪೋಸ್ಟಿನ ಬಾಯಾರ ಕಣ್ಣು ಅರಳಿತು. ಸಾಲಿ ಬಾಯಾರು ತಲೆಯಲ್ಲಾಡಿಸಿದರು.

“ಛಲೋ ಅದ. ಇಲ್ಲದವರಿಗೆ ಬೇಕs ಬೇಕು. ನನಗ ಮಾತ್ರ ಈ ಕುರ್ಚಿ, ಈ ಕೆರಿ ಸಾಕು. ಬಾಕಿನ ಮ್ಯಾಲ ಇವರನ್ನ ಕೂಡಸಬಾರದು, ಅಷ್ಟ.”

ಆಸ್ಪತ್ರೆಯಿಂದ ಬಂದ ತಿಂಗಳೊಪ್ಪತ್ತಿನಲ್ಲಿ ಅವರು ಬ್ಯಾಂಕಿಗೆ ಹೋದರು, ವಕೀಲರಲ್ಲಿಗೆ ಹೋದರು. ಇಬ್ಬರೂ ಉಯಿಲು ಬರೆಸಿದರು. ಕಾಗದಗಳೆಲ್ಲ ಈಗ ಒಂದು ಸ್ಟೀಲಿನ ಡಬ್ಬಿಯಲ್ಲಿವೆ. ಅದು ಎಲ್ಲಿದೆಯೆಂದು ಬೆಳಗಾವಿಯ ಸೋದರಳಿಯನಿಗೂ ಹೇಳಿಟ್ಟಿದ್ದಾರೆ.

ಸಾಕ್ಷಿ ಹಾಕಲು ಎದುರುಮನೆಯ ನಿವೃತ್ತ ಮಾಸ್ತರರನ್ನು ಕರೆಯಬೇಕಾಗಿತ್ತು. ನಲವತ್ತು ವರ್ಷ ಹೇಳದ ಮಾತನ್ನು ಅವರಿಗೆ ಹೇಗೆ ಹೇಳುವುದೆಂದು ಇಬ್ಬರಿಗೂ ಒಂದು ವಾರ ನಿದ್ದೆಯಿರಲಿಲ್ಲವಂತೆ. ಮಾಸ್ತರರು ಬಂದರು, ಕನ್ನಡಕ ಏರಿಸಿದರು, ಸಹಿ ಹಾಕಿದರು. ಪೆನ್ನಿನ ಟೊಪ್ಪಿಗೆ ಮುಚ್ಚುತ್ತ ಹೇಳಿದರು: “ಇದನ್ನ ಹತ್ತು ವರ್ಷ ಮೊದಲs ಮಾಡಬೇಕಾಗಿತ್ತಲ್ರಿ ಬಾಯಾರ.”

ಅವರಿಗೆ ಎಷ್ಟು ವರ್ಷಗಳಿಂದ ಗೊತ್ತಿತ್ತೆಂದು ಇವರು ಕೇಳಲಿಲ್ಲ, ಅವರೂ ಹೇಳಲಿಲ್ಲ. ಚಹ ಕುಡಿದು, ಕೆರೆಯ ನೀರು ಎಷ್ಟು ಏರಿದೆ ಎಂಬ ಮಾತಾಡಿ ಎದ್ದುಹೋದರು.

ನಾನು ಹೊರಟಾಗ ಮಳೆ ನಿಂತಿತ್ತು. ಇಬ್ಬರೂ ಗೇಟಿನವರೆಗೆ ಬಂದರು. “ಮುಂದಿನ ಸರ್ತಿ ಊಟಕ್ಕ ಬರ್ರಿ” ಎಂದು ಒಬ್ಬರು. “ಬರೂ ಮುಂದ ಫೋನ್ ಮಾಡ್ರಿ, ಇವರು ಮಧ್ಯಾಹ್ನ ಮಲಗಬೇಕು” ಎಂದು ಮತ್ತೊಬ್ಬರು. ಬೀದಿಯ ತಿರುವಿನಲ್ಲಿ ಹಿಂದಿರುಗಿ ನೋಡಿದೆ. ಒಂದೇ ಕೊಡೆ ಮಡಚಿ ಹಿಡಿದುಕೊಂಡು ಅವರು ಕೆರೆಯ ಕಡೆಗೆ ಹೊರಟಿದ್ದರು.