ಅರ್ಥವಿಲ್ಲದ ಕಾರು

ನಮ್ಮಣ್ಣ ತೀರಿಕೊಂಡಾಗ ನನ್ನ ಪಾಲಿಗೆ ಬಂದ ವಸ್ತುಗಳು ಎರಡು: ಅವನ ಕೈಗಡಿಯಾರ ಮತ್ತು ಅವನ ಅಂಬಾಸಿಡರ್ ಕಾರು. ಗಡಿಯಾರ ನಿಂತರೆ ಅಂಗಿಯ ತೋಳಿನೊಳಗೆ ಮುಚ್ಚಿಟ್ಟುಕೊಂಡು ಮರ್ಯಾದೆ ಉಳಿಸಿಕೊಳ್ಳಬಹುದು. ಕಾರು ನಿಂತರೆ ಬೀದಿಗೆಲ್ಲ ಗೊತ್ತು. ಅಣ್ಣ ಇದನ್ನು ಕೊಂಡದ್ದು 1991ರಲ್ಲಿ. ಉತ್ತರಪಾರಾದಲ್ಲಿ ಈ ಕಾರುಗಳ ತಯಾರಿಕೆಯೇ 2014ರಲ್ಲಿ ನಿಂತುಹೋಯಿತು. ನಮ್ಮದು ಮಾತ್ರ ಆ ಸುದ್ದಿ ಕೇಳದ ಕಿವುಡ ಮುದುಕನ ಹಾಗೆ ಚಾಮರಾಜಪುರದ ನಮ್ಮ ಷೆಡ್ಡಿನಲ್ಲಿ ಕುಳಿತು, ಕರೆದಾಗ ಕೆಮ್ಮಿ ಎದ್ದು ಬರುತ್ತಿತ್ತು.

ಈ ಸಲ ಏಳಲಿಲ್ಲ.

ಅಣ್ಣನ ತಿಥಿ ಮುಗಿದ ಮಾರನೆಯ ದಿನ ಅತ್ತಿಗೆ, “ನಂಜನಗೂಡಿಗೆ ಒಂದು ಸಲ ಹೋಗಿ ಬರೋಣ ಕಣಪ್ಪ, ಅವರ ಕಾರಲ್ಲೇ” ಎಂದರು. ಕಾರು ಕೊಂಡ ದಿನ ಅಣ್ಣ ಮೊದಲು ಓಡಿಸಿದ್ದು ನಂಜುಂಡೇಶ್ವರನ ಗುಡಿಗೆ. ಪಕ್ಕದಲ್ಲಿ ಕುಳಿತಿದ್ದವರು ಅವರು. ಎಪ್ಪತ್ತೆಂಟು ವರ್ಷದ ಅತ್ತಿಗೆ ನನ್ನಿಂದ ಇದುವರೆಗೆ ಏನನ್ನೂ ಕೇಳಿದವರಲ್ಲ. ಅಂದು ಬೆಳಿಗ್ಗೆ ಮಡಿಲಲ್ಲಿ ಹಣ್ಣುಕಾಯಿ ಇಟ್ಟುಕೊಂಡು ಅದೇ ಜಾಗದಲ್ಲಿ ಕುಳಿತರು. ನಾನು ಚೋಕ್ ಎಳೆದು ಕೀಲಿ ತಿರುಗಿಸಿದೆ. ‘ಟಕ್’ ಎಂದಿತು. ಮತ್ತೆ ತಿರುಗಿಸಿದೆ. ಮತ್ತೆ ‘ಟಕ್’. ಗೋಡೆಯ ಮೇಲಿನ ಹಲ್ಲಿ ಶಕುನ ನುಡಿದ ಹಾಗೆ. ದೀಪ ಹಾಕಿದರೆ ಝಗಝಗ. ಹಾರನ್ನು ಒತ್ತಿದರೆ ಬೀದಿಯ ನಾಯಿಗಳೆಲ್ಲ ಎದ್ದವು. ಗಾಡಿ ಮಾತ್ರ ಏಳಲಿಲ್ಲ. ಹತ್ತಾರು ಸಲ ಹೀಗೆ ಮಾಡಿ, ಸಾಕೆಂದು ಚೋಕಿನ ಗುಂಡಿಯನ್ನು ಒಳಕ್ಕೆ ತಳ್ಳಹೋದೆ. ಬೆರಳು ಚುರ್ರೆಂದಿತು. “ಅಯ್ಯೋ, ಬಿಸಿ!” ಎಂದೆ. ಬಿಸಿಲಿಗೆ ಕಾದಿರಬೇಕೆಂದುಕೊಂಡೆ. ಷೆಡ್ಡಿನೊಳಗೆ ಬಿಸಿಲೆಲ್ಲಿಂದ ಬಂತೆಂದು ಯೋಚಿಸಲಿಲ್ಲ.

ಕೆಟ್ಟ ಕಾರಿನ ಸುತ್ತ ಎಷ್ಟು ಜನ ಪಂಡಿತರು ಸೇರುತ್ತಾರೆಂಬುದು ಅನುಭವಿಗಳಿಗೆ ಗೊತ್ತು. ಒಬ್ಬರು ಪೆಟ್ರೋಲ್ ಇಲ್ಲವೆಂದರು. ಇನ್ನೊಬ್ಬರು ಪ್ಲಗ್ಗು ಎಂದರು. ಮೂರನೆಯವರು, ಜಾತಕ ತೋರಿಸಬೇಕಾದದ್ದು ಕಾರಿನದೋ ನನ್ನದೋ ಎಂಬ ಮುಖಮಾಡಿ ನಿಂತರು. ಕೊನೆಗೆ ಒಬ್ಬ ಯುವಕ ಮೆಕ್ಯಾನಿಕ್ಕು ಸ್ಕೂಟರಿನಲ್ಲಿ ಬಂದು, ಬಾನೆಟ್ಟನ್ನು ಪೂರ್ತಿ ಎತ್ತುವ ಮೊದಲೇ “ಬ್ಯಾಟರಿ ಸತ್ತಿದೆ ಸಾರ್” ಎಂದ. ದೀಪ ಅಷ್ಟು ಚೆನ್ನಾಗಿ ಉರಿಯುತ್ತದಲ್ಲಪ್ಪ ಎಂದರೆ, ಸಾಯುವ ಮುಂಚೆ ಹಾಗೇ ಉರಿಯುವುದು ಎಂದ. ಆ ಉಪಮೆ ಚೆನ್ನಾಗಿದ್ದುದರಿಂದ ಒಪ್ಪಿಕೊಂಡೆ. ಕನ್ನಡ ಮೇಷ್ಟರನ್ನು ಕೆಡಿಸುವುದು ಸುಲಭ. ಹೊಸ ಬ್ಯಾಟರಿಗೆ ಆರು ಸಾವಿರದ ಹತ್ತಿರ ತೆತ್ತು ಕೀಲಿ ತಿರುಗಿಸಿದೆ. ‘ಟಕ್’.

“ಹಾಗಾದ್ರೆ ಸೆಲ್ಫ್ ಹೋಗಿದೆ ಸಾರ್” ಎಂದ. ಆತ್ಮವೇ ಹೋದಮೇಲೆ ಇನ್ನೇನು ಉಳಿಯಿತು? ನನ್ನ ಮಗನ ಅಭಿಪ್ರಾಯವೂ ಅದೇ. ಹದಿನೈದು ವರ್ಷ ಕಳೆದ ಕಾರಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಅದಕ್ಕೆ ಖರ್ಚು, ಇದಕ್ಕೆ ಖರ್ಚು, ಎಲ್ಲಿಯವರೆಗೆ ಎಂದು ಅವನ ವಾದ. ಗುಜರಿಯವನಿಗೆ ಫೋನ್ ಮಾಡಿಯೇಬಿಟ್ಟ. ಅವನು ಸೋಮವಾರ ಬರುತ್ತೇನೆಂದ. ಅತ್ತಿಗೆ ಕೇಳಿಸಿಕೊಂಡು ಏನೂ ಅನ್ನದೆ, ಹಣ್ಣುಕಾಯಿಯ ಚೀಲವನ್ನು ದೇವರ ಮನೆಗೆ ತೆಗೆದುಕೊಂಡು ಹೋದರು. ಒಂದು ಮಾತು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಭಾನುವಾರ ಮಂಡಿ ಮೊಹಲ್ಲಾಕ್ಕೆ ಹೋಗಿ ಅಲ್ಲಿನ ವೃದ್ಧ ಸಾಬರೊಬ್ಬರನ್ನು ಕರೆತಂದೆ. ಆಟೋ ಎಲೆಕ್ಟ್ರಿಕ್ ಕೆಲಸದಲ್ಲಿ ಕೂದಲು ನೆರೆತವರು. ಅವರು ತಂದ ಸಲಕರಣೆಯೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಅದರಲ್ಲಿ ಮುಖ್ಯವಾದದ್ದು ಎರಡು ತಂತಿ ಕಟ್ಟಿದ ಒಂದು ಪುಟ್ಟ ಬಲ್ಬು.

“ದೀಪ ಹಾಕಿ ಮೇಷ್ಟ್ರೇ. ಈಗ ಕೀ ತಿರುಗ್ಸಿ. ದೀಪ ಮಂಕಾಯ್ತಾ?”

“ಇಲ್ಲ, ಹಾಗೇ ಇದೆ.”

“ಹಂಗಾದ್ರೆ ಸೆಲ್ಫು ಕರೆಂಟು ತಿಂತಾನೇ ಇಲ್ಲ. ತಿಂದಿದ್ರೆ ದೀಪ ಮಂಕಾಗ್ಬೇಕಿತ್ತು. ಊಟಕ್ಕೆ ಕೂತೋನ ಎಲೆ ಖಾಲಿ ಆಗ್ಬೇಕಲ್ವಾ?”

ಬಲ್ಬಿನ ಒಂದು ತಂತಿಯನ್ನು ಬ್ಯಾಟರಿಯ ಮೈನಸ್ ತುದಿಗೆ ಸಿಕ್ಕಿಸಿದರು. ಇನ್ನೊಂದನ್ನು ಸೆಲ್ಫಿನ ದಪ್ಪ ತಂತಿ ಸೇರುವ ಜಾಗಕ್ಕೆ ಹಿಡಿದು, ತಿರುಗಿಸಿ ಎಂದರು. ಬಲ್ಬು ಹತ್ತಿತು. ಎಲೆಯವರೆಗೆ ಅನ್ನ ಬರುತ್ತಿದೆ ಎಂದಾಯಿತು. ಆಮೇಲೆ ಆ ತಂತಿಯನ್ನು ಎಂಜಿನ್ನಿನ ಬರಿಯ ಕಬ್ಬಿಣದ ಮೇಲೆ ಇಟ್ಟರು. ಎರಡು ತುದಿಯೂ ಮೈನಸ್ಸೇ ಆದಮೇಲೆ ಬಲ್ಬು ಹತ್ತಬಾರದು. ನಾನು ಕೀಲಿ ತಿರುಗಿಸಿದೆ. ಹತ್ತಿತು.

ಸಾಬರು ತಲೆಯೆತ್ತಿ, “ಅರ್ತ್ ಇಲ್ಲ ಮೇಷ್ಟ್ರೇ” ಎಂದರು.

“ಯಾವುದಕ್ಕೆ ಅರ್ಥ ಇಲ್ಲ?” ಎಂದೆ, ಮೂವತ್ತು ವರ್ಷ ಪದ್ಯಗಳಿಗೆ ಅರ್ಥ ಹೇಳಿದ ಅಭ್ಯಾಸಬಲದಿಂದ.

“ಎಂಜಿನ್ನಿಗೆ.”

ಕರೆಂಟು ಬ್ಯಾಟರಿಯಿಂದ ಹೊರಟರೆ ಸಾಲದಂತೆ, ಬ್ಯಾಟರಿಗೆ ಮರಳಬೇಕಂತೆ. ಹೋಗುವುದಕ್ಕೆ ದಪ್ಪ ತಂತಿಯಿದೆ. ಬರುವ ದಾರಿ ಗಾಡಿಯ ಕಬ್ಬಿಣದ ಮೈಯೇ. ದೀಪ, ಹಾರನ್ನು ಆ ಮೈಗೇ ಅಂಟಿಕೊಂಡಿರುವುದರಿಂದ ಅವಕ್ಕೆ ತೊಂದರೆಯಿಲ್ಲ. ಸೆಲ್ಫಿರುವುದು ಎಂಜಿನ್ನಿನ ಮೇಲೆ. ಎಂಜಿನ್ನಾದರೋ ಅದುರಬಾರದೆಂದು ರಬ್ಬರಿನ ದಿಂಬಿನ ಮೇಲೆ ಮಲಗಿದೆ. ರಬ್ಬರಿನಲ್ಲಿ ಕರೆಂಟು ಹರಿಯದು. ಆದ್ದರಿಂದ ಎಂಜಿನ್ನಿಗೂ ಗಾಡಿಯ ಮೈಗೂ ನಡುವೆ ಜಡೆಯ ಹಾಗೆ ಹೆಣೆದ ತಾಮ್ರದ ಪಟ್ಟಿಯೊಂದನ್ನು ಬಿಗಿದಿರುತ್ತಾರೆ. ಸೆಲ್ಫು ತಿರುಗುವಾಗ ನೂರು ಆಂಪಿಯರಿಗೂ ಮಿಕ್ಕ ಕರೆಂಟು ಅದರ ಮೂಲಕವೇ ಮರಳಬೇಕು. ಸಾಬರು ಗಾಡಿಯ ಕೆಳಗೆ ನುಸುಳಿ ಅದನ್ನು ಬಿಚ್ಚಿ ತಂದರು. ಹಸಿರು ಕಿಲುಬು ಹಿಡಿದು, ಎಳೆಗಳು ಕಿತ್ತುಹೋಗಿ, ಹರಕು ಜನಿವಾರದಂತಿತ್ತು.

ಜಗಲಿಯ ಮೇಲಿಂದ ಅತ್ತಿಗೆ ಕೇಳಿದರು: “ಆವತ್ತು ಆ ಗುಂಡಿ ಕೈ ಸುಟ್ಟಿತಲ್ಲ, ಅದನ್ನ ಹೇಳಿದೆಯೇನಪ್ಪ?”

ಹೇಳಿರಲಿಲ್ಲ. ಮೆಕ್ಯಾನಿಕ್ಕಿಗೂ ಇಲ್ಲ, ಸಾಬರಿಗೂ ಇಲ್ಲ. ಸಾಬರು ಹಣೆ ಚಚ್ಚಿಕೊಂಡರು. “ಅಮ್ಮಾವ್ರು ಮೊದ್ಲೇ ಕಂಡುಹಿಡಿದವ್ರೆ! ದಾರಿ ಕಟ್ಟಿದ್ಮೇಲೆ ಕರೆಂಟು ಸುಮ್ನೆ ಇರ್ತದಾ? ಸಿಕ್ಕಿದ ದಾರೀಲಿ ನುಗ್ತದೆ. ಎಂಜಿನ್ನಿಂದ ಈಚೆಗೆ ಬರೋದು ಚೋಕಿನ ತಂತಿ. ಆ ಸಣ್ಣದು ಎಷ್ಟು ಅಂತ ಹೊರುತ್ತೆ, ಪಾಪ, ಕಾದು ಕೂತದೆ.” ರೋಗ ತನ್ನ ಹೆಸರನ್ನು ತಾನೇ ನನ್ನ ಬೆರಳಿನ ಮೇಲೆ ಬರೆದಿತ್ತು. ನಾನು ಊದಿಕೊಂಡು ಸುಮ್ಮನಾಗಿದ್ದೆ.

“ಈ ಬೋಲ್ಟನ್ನ ಯಾರೋ ಆಗಾಗ ಬಿಚ್ಚಿ ಉಜ್ಜಿದ್ದಾರೆ ಮೇಷ್ಟ್ರೇ, ಸುತ್ತ ಬಣ್ಣ ಕೆರೆದಿದೆ” ಎಂದರು ಸಾಬರು. “ಈಚೆಗೆ ಮುಟ್ಟಿಲ್ಲ.”

ಪ್ರತಿವರ್ಷ ಆಯುಧಪೂಜೆಯ ಹಿಂದಿನ ದಿನ ಅಣ್ಣ ಹಳೆಯ ಪಂಚೆಯುಟ್ಟು, ಒಂದು ಸ್ಪ್ಯಾನರು, ಒಂದು ಚೂರು ಉಪ್ಪುಕಾಗದ ಹಿಡಿದು ಕಾರಿನ ಕೆಳಗೆ ಅರ್ಧ ಗಂಟೆ ಮಲಗುತ್ತಿದ್ದ. ಕೆಲಸವಿಲ್ಲದವನ ಕೆಲಸ ಎಂದು ನಾನೂ ಅತ್ತಿಗೆಯೂ ನಗುತ್ತಿದ್ದೆವು. ಅವನು ಹೋದಮೇಲೆ ಏಳು ಆಯುಧಪೂಜೆ ನಾನು ಮಾಡಿದ್ದೇನೆ. ಕುಂಕುಮಕ್ಕೆ, ಬಾಳೆಕಂದಿಗೆ, ಚಕ್ರಕ್ಕೊಂದು ನಿಂಬೆಹಣ್ಣಿಗೆ ಒಂದು ವರ್ಷವೂ ಕಡಿಮೆಮಾಡಿದವನಲ್ಲ.

ಸಾಬರು ಹೊಸ ಪಟ್ಟಿ ತಂದು, ಎರಡು ತುದಿಯನ್ನೂ ಹೊಳೆಯುವಂತೆ ಉಜ್ಜಿ ಬಿಗಿದರು. ಕೀಲಿ ತಿರುಗಿಸಿದೆ. ‘ಟಕ್’ ಎನ್ನಲಿಲ್ಲ. ಕಾರು ಒಮ್ಮೆ ಮೈ ಕೊಡವಿ, ಕೆಮ್ಮಿ, ಗುಡುಗುಡು ಎಂದಿತು. ಅವರು ಕೇಳಿದ್ದು, ಪಟ್ಟಿಯ ಬೆಲೆ ಸೇರಿ, ಐನೂರು ರೂಪಾಯಿ. ಕೆಲಸವಿಲ್ಲದೆ ನಿಂತ ಹಳೆಯ ಬ್ಯಾಟರಿಯನ್ನು ತೋರಿಸಿ “ಇದಕ್ಕೇನಾಗಿತ್ತು?” ಎಂದರು. ನಾನು ಉತ್ತರ ಹೇಳಲಿಲ್ಲ.

ಸೋಮವಾರ ಗುಜರಿಯವನು ಬರುವ ಹೊತ್ತಿಗೆ ಮನೆಯಲ್ಲಿರಬಾರದೆಂದು ಆರು ಗಂಟೆಗೇ ಹೊರಟೆವು. ಅವನಿಗೆ ಕಾಫಿ ಕೊಟ್ಟು ಕಳಿಸುವ ಕೆಲಸ ಮಗನದು. ಅತ್ತಿಗೆ ಹಣ್ಣುಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು. ಎಂಜಿನ್ನು ಹೊರಟಮೇಲೆ, ನಾನು ಗೇರು ಹಾಕುವ ಮೊದಲು, ತೋರುಬೆರಳು ಚಾಚಿ ಚೋಕಿನ ಗುಂಡಿಯನ್ನು ಮೆಲ್ಲಗೆ ಮುಟ್ಟಿನೋಡಿದರು.

“ತಣ್ಣಗಿದೆ. ನಡಿಯಪ್ಪ” ಎಂದರು.